ವೈರಣ್ಣ ತಪ್ಪಿ ಬರೆದ ಸಾಲು

ಮ್ಯಾನೇಜರ ಕಂಪ್ಯೂಟರಿನ ಪರದೆ ವಾರಕ್ಕೆರಡು ಸಲ ಕಲ್ಲಾಗುತ್ತಿತ್ತು. ಎಲ್ಲದಕ್ಕೂ ಮೂಲ ಅದೇ.

ಕಣ್ಣು ಕಾಣದವರಿಗಾಗಿ ಪುಸ್ತಕಗಳನ್ನು ಗಟ್ಟಿಯಾಗಿ ಓದಿ, ದನಿ ಮುದ್ರಿಸಿ, ಮನೆಮನೆಗೆ ಕಳಿಸುವ ಒಂದು ಸಣ್ಣ ಸಂಸ್ಥೆ ಅದು. ಹಳೆಯ ಎರಡಂತಸ್ತಿನ ಕಟ್ಟಡ. ಮೇಲೆ ಓದುವ ಕೋಣೆ, ಕೆಳಗೆ ಕಚೇರಿ, ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಒಂದು ದೊಡ್ಡ ಯಂತ್ರ. ಮುದ್ರಿಸಿದ ದನಿಯೆಲ್ಲ ಸೇರುತ್ತಿದ್ದದ್ದು ಆ ದೊಡ್ಡ ಯಂತ್ರದ ಹೊಟ್ಟೆಗೆ. ಉಳಿದ ಕೋಣೆಗಳ ಕಂಪ್ಯೂಟರುಗಳು ವೈರಿನ ಮೂಲಕ ಅದರ ಫೋಲ್ಡರುಗಳನ್ನು ತಮ್ಮವೇ ಎನ್ನುವಂತೆ ಜೋಡಿಸಿಕೊಂಡು ಬಳಸುತ್ತಿದ್ದವು. ಈ ಜೋಡಣೆಗೆ ಮೌಂಟ್ ಎನ್ನುತ್ತಾರೆ.

ಈ ಯಂತ್ರಗಳ ಯೋಗಕ್ಷೇಮ ನೋಡಿಕೊಳ್ಳುತ್ತಿದ್ದವನು ವೈರಣ್ಣ. ಹೆತ್ತವರಿಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಸದಾ ಕೊರಳಲ್ಲೊಂದು ವೈರಿನ ಸುರುಳಿ ನೇತಾಡುತ್ತಿದ್ದುದರಿಂದ ಈ ಹೆಸರು ಬಿತ್ತು, ಅವನೂ ಅದಕ್ಕೆ ಓಗೊಟ್ಟ. ವಯಸ್ಸು ನಲವತ್ತೈದು, ಮೆತ್ತನೆಯ ಮಾತು. ಯಾರಾದರೂ ಗದರಿದರೆ ತಪ್ಪು ಯಾರದೆಂದು ನೋಡುವ ಮೊದಲೇ ಕ್ಷಮೆ ಕೇಳುವ ಸ್ವಭಾವ. ಒಮ್ಮೆ ಬಾಗಿಲಿಗೆ ಹಣೆ ಬಡಿದುಕೊಂಡಾಗ ಅವನು ಬಾಗಿಲಿಗೇ ಸಾರಿ ಹೇಳಿದ್ದನ್ನು ಆಫೀಸಿನವರು ಇನ್ನೂ ಮರೆತಿರಲಿಲ್ಲ.

ಯಾವ ಕಂಪ್ಯೂಟರು ದೊಡ್ಡ ಯಂತ್ರದೊಡನೆ ಹೇಗೆ ನಡೆದುಕೊಳ್ಳಬೇಕು ಎಂಬ ನಿಯಮಗಳನ್ನು ಅವನು ಮೊದಲು ಒಂದೊಂದು ಕಂಪ್ಯೂಟರಿನ ಮುಂದೆಯೂ ಕೂತು ಬೇರೆ ಬೇರೆಯಾಗಿ ಬರೆಯುತ್ತಿದ್ದ. ಹೋದ ತಿಂಗಳು ಎಲ್ಲವನ್ನೂ ಒಂದೇ ಕಾನ್ಫಿಗರೇಷನ್ ಫೈಲಿನಲ್ಲಿ ಬರೆದು, ಅದರ ಪ್ರತಿಯನ್ನು ಎಲ್ಲ ಕಂಪ್ಯೂಟರುಗಳಿಗೂ ಹಂಚಿದ. ಫೈಲಿನ ತಲೆಯಲ್ಲಿ ಎಲ್ಲರಿಗೂ ಅನ್ವಯಿಸುವ ನಿಯಮಗಳು. ಅದರ ಕೆಳಗೆ ಒಂದೊಂದು ಫೋಲ್ಡರಿನ ಹೆಸರು ಹಾಕಿ, ಅದಕ್ಕೆ ಮಾತ್ರ ಸೇರಿದ ನಿಯಮಗಳು. ಮೊದಲಿನಿಂದ ಇದ್ದ ಮುಖ್ಯ ನಿಯಮದ ಹೆಸರು ‘ಹಾರ್ಡ್’. ಅಂದರೆ, ದೊಡ್ಡ ಯಂತ್ರ ಉತ್ತರ ಕೊಡದಿದ್ದರೆ ಕೊಡುವ ತನಕ ಕಾಯುತ್ತಾ ನಿಲ್ಲು. ಇದರಿಂದ ದನಿ ಎಂದೂ ಕಳೆದುಹೋಗುತ್ತಿರಲಿಲ್ಲ. ಆದರೆ ದೊಡ್ಡ ಯಂತ್ರ ತೂಕಡಿಸಿದಾಗಲೆಲ್ಲ ಮ್ಯಾನೇಜರ ಪರದೆ ಕಲ್ಲಾಗುತ್ತಿತ್ತು.

“ನಾನು ಕೂತಿರೋದು ಕಂಪ್ಯೂಟರ್ ಮುಂದೆನೋ, ಫೋಟೋ ಮುಂದೆನೋ?” ಎಂದು ಮ್ಯಾನೇಜರು ಕೇಳಿದ್ದರು. “ಏನಾದ್ರೂ ಮಾಡು ವೈರಣ್ಣ. ಉತ್ತರ ಬರ್ಲಿಲ್ಲ ಅಂದ್ರೆ ಬರ್ಲಿಲ್ಲ ಅಂತ ಹೇಳಿ ಬಿಟ್ಬಿಡ್ಲಿ. ಹೀಗೆ ಸತ್ಯಾಗ್ರಹಕ್ಕೆ ಕೂರೋದು ಬೇಡ.”

ಅದಕ್ಕೂ ಒಂದು ನಿಯಮವಿತ್ತು. ‘ಸಾಫ್ಟ್’. ಮೂರು ಸಲ ಕೇಳು, ಉತ್ತರವಿಲ್ಲದಿದ್ದರೆ ಕೈಬಿಟ್ಟು ಬಾ. ಕಚೇರಿಯ ಪತ್ರಗಳಿಗೆ ಇದು ಸಾಕು, ಆದರೆ ದನಿಯ ಫೋಲ್ಡರಿಗೆ ಇದನ್ನು ಹಾಕಿದರೆ ನಡುವೆ ಮುದ್ರಿಸಿದ್ದು ಗಾಳಿಗೆ ಹೋದೀತು. ಆದ್ದರಿಂದ ನಿನ್ನೆ ಸಂಜೆ ವೈರಣ್ಣ ಈ ಸಾಲನ್ನು ಕಚೇರಿ ಫೋಲ್ಡರಿನ ಕೆಳಗೆ ಬರೆಯಲು ಹೊರಟ. ಅಷ್ಟರಲ್ಲಿ ಹೆಂಡತಿಯ ಫೋನು.

“ರೀ, ಬರ್ತಾ ಬಟ್ಟೆ ಸೋಪು ತನ್ನಿ. ನೀಲಿದು. ಹೋದ ಸಲ ತಂದಿದ್ರಲ್ಲ, ಅದಲ್ಲ.”

ಹೋದ ಸಲ ಯಾವುದನ್ನು ತಂದಿದ್ದೆ ಎಂದು ಯೋಚಿಸುತ್ತಲೇ ಅವನು ಸಾಲು ಬರೆದ, ಪ್ರತಿಗಳನ್ನು ಹಂಚಿದ, ಮನೆಗೆ ಹೋದ. ಸೋಪು ಸರಿಯಾದದ್ದೇ ಬಂತು.

ಮಾರನೆಯ ದಿನ ಸಂಸ್ಥೆಯಲ್ಲಿ ದೊಡ್ಡ ದಿನ. ಓದಮ್ಮನವರು ಅಂದು ತಮ್ಮ ಕೊನೆಯ ಪುಸ್ತಕದ ಕೊನೆಯ ಅಧ್ಯಾಯವನ್ನು ಓದುವವರಿದ್ದರು. ಸಂಜೆ ನಾಲ್ಕಕ್ಕೆ ಬೀಳ್ಕೊಡುಗೆಯ ಟೀ.

ಓದಮ್ಮ ಎಂಬುದು ಕೇಳುಗರು ಇಟ್ಟ ಹೆಸರು. ಕರೆದಂತೆಯೂ ಆಯಿತು, ಓದು ಎಂದು ಅಪ್ಪಣೆ ಕೊಟ್ಟಂತೆಯೂ ಆಯಿತು. ಮೂವತ್ತೊಂದು ವರ್ಷದಲ್ಲಿ ಅವರು ನೂರ ಎಂಬತ್ತಾರು ಪುಸ್ತಕ ಓದಿದ್ದರು. ಈಗ ಎಪ್ಪತ್ತೆಂಟು. ಮೆಟ್ಟಿಲು ಹತ್ತುವಾಗ ಮಂಡಿ ಎರಡೆರಡು ಸಲ ಯೋಚಿಸುತ್ತಿತ್ತು. “ಈ ಪುಸ್ತಕ ಮುಗಿಸಿ ಹಾಯಾಗಿ ಮನೇಲಿ ವಿಶ್ರಾಂತಿ ತಗೊಳ್ಳಿ” ಎಂದು ಮ್ಯಾನೇಜರು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದರು. ಓದಮ್ಮನವರು “ಸರಿ” ಎಂದಿದ್ದರು. ಅವರು ಎಲ್ಲದಕ್ಕೂ ಸರಿ ಎನ್ನುವವರು.

ವೈರಣ್ಣನಿಗೆ ಆ ದನಿಯ ಋಣವಿತ್ತು. ಅವನ ತಾಯಿಗೆ ಕೊನೆಯ ನಾಲ್ಕು ವರ್ಷ ಕಣ್ಣು ಕಾಣುತ್ತಿರಲಿಲ್ಲ. ಮಗ ಕೆಲಸಕ್ಕೆ ಹೋದ ಮೇಲೆ ಸಂಜೆವರೆಗೂ ಆಕೆಗೆ ಜೊತೆಯಿದ್ದದ್ದು ಸಂಸ್ಥೆ ಕೊಟ್ಟ ಪುಟ್ಟ ಕೇಳುಪೆಟ್ಟಿಗೆ, ಅದರೊಳಗೆ ಓದಮ್ಮನವರ ದನಿ. ಮನೆಗೆ ಬಂದ ಮಗನಿಗೆ ಆಕೆ ಮೊದಲು ಹೇಳುತ್ತಿದ್ದದ್ದು ಕತೆ ಎಲ್ಲಿಗೆ ಬಂತು ಎಂಬುದನ್ನೇ. ತಾಯಿ ಹೋದ ಮೇಲೆ ಪೆಟ್ಟಿಗೆ ಹಿಂದಿರುಗಿಸಲು ಬಂದವನು, ಸಂಸ್ಥೆಯ ಕರೆಗಂಟೆ ಕೆಟ್ಟಿದ್ದನ್ನು ಕಂಡು ಅದರ ವೈರು ಸರಿ ಮಾಡಿದ. ಆಮೇಲೆ ಫ್ಯಾನು. ಆಮೇಲೆ ಕಂಪ್ಯೂಟರು. ಹಾಗೆ ಆರು ವರ್ಷವಾಗಿತ್ತು.

ಬೆಳಿಗ್ಗೆ ಹತ್ತೂವರೆಗೆ ಓದಮ್ಮನವರು ಮೆಟ್ಟಿಲು ಹತ್ತಿ, ಓದುವ ಕೋಣೆಯ ದಪ್ಪ ಬಾಗಿಲು ಹಾಕಿಕೊಂಡರು. ಆ ಕೋಣೆಯಲ್ಲಿ ಅವರೊಬ್ಬರೇ. ಕೆಂಪು ಬಟನ್ ಒತ್ತಿ ಓದುವುದು, ಮುಗಿದಾಗ ಮತ್ತೆ ಒತ್ತುವುದು, ಅಷ್ಟೇ ಅವರ ಯಂತ್ರಜ್ಞಾನ.

ಹನ್ನೊಂದಕ್ಕೆ ಮ್ಯಾನೇಜರಿಗೆ ಸಂಜೆಯ ಟೀಗೆ ಬಾಡಿಗೆ ತಂದ ಕೆಟಲು ಕೆಲಸ ಮಾಡುತ್ತದೋ ಇಲ್ಲವೋ ಎಂಬ ಅನುಮಾನ ಬಂತು. ಖಾಲಿ ಪ್ಲಗ್ ಹುಡುಕುತ್ತಾ ಹೋದವರು ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಒಂದನ್ನು ಕಂಡುಹಿಡಿದು ಕೆಟಲು ಸಿಕ್ಕಿಸಿದರು. ಠಪ್ ಎಂದಿತು. ಕೆಟಲಿನ ನೀರು ತಣ್ಣಗೇ ಉಳಿಯಿತು, ದೊಡ್ಡ ಯಂತ್ರವೂ ತಣ್ಣಗಾಯಿತು. ವೈರಣ್ಣ ಓಡಿ ಬಂದು ಗೂಡಿನ ಫ್ಯೂಸು ಹಾಕಿ, ಯಂತ್ರವನ್ನು ಎಬ್ಬಿಸುವಷ್ಟರಲ್ಲಿ ಹತ್ತು ನಿಮಿಷ ಕಳೆದಿತ್ತು.

ಆದರೆ ಮ್ಯಾನೇಜರು ಹಲ್ಲು ಬಿಡುತ್ತಾ ಬಂದರು. “ವೈರಣ್ಣ, ಇವತ್ತು ಪರದೆ ಕಲ್ಲಾಗ್ಲಿಲ್ಲ. ‘ಉತ್ತರ ಸಿಗುತ್ತಿಲ್ಲ’ ಅಂತ ಮರ್ಯಾದೆಯಾಗಿ ಹೇಳಿ ಬಿಟ್ಬಿಡ್ತು. ಭೇಷ್.”

ಆರು ವರ್ಷದಲ್ಲಿ ಮೊದಲ ಭೇಷ್. ವೈರಣ್ಣನ ಮುಖ ಹೊಸದಾಗಿ ಸುಣ್ಣ ಹೊಡೆದ ಗೋಡೆಯಂತೆ ಬೆಳಗಿತು. ಅದು ಒಂದು ಗಂಟೆ ಹಾಗೇ ಇತ್ತು.

ಹನ್ನೆರಡು ಗಂಟೆಗೆ ಕಿವಿಯಕ್ಕ ಬಂದಳು. ಮುದ್ರಿಸಿದ್ದನ್ನೆಲ್ಲ ಪುಸ್ತಕ ಮುಂದಿಟ್ಟುಕೊಂಡು ಕೇಳಿ, ತಪ್ಪು ಹುಡುಕುವುದು ಅವಳ ಕೆಲಸ. ಪಕ್ಕದ ಕೋಣೆಯಲ್ಲಿ ಯಾರಾದರೂ ನಿಟ್ಟುಸಿರು ಬಿಟ್ಟರೂ ಅದು ಮನೆಯ ಚಿಂತೆಯೋ ಆಫೀಸಿನದೋ ಎಂದು ಹೇಳಬಲ್ಲವಳು.

“ಇಪ್ಪತ್ತನಾಲ್ಕನೇ ಅಧ್ಯಾಯ ಎಲ್ಲಿ?” ಎಂದಳು.

“ದನಿ ಫೋಲ್ಡರಲ್ಲೇ ಇರುತ್ತಲ್ಲಕ್ಕ.”

“ಇಪ್ಪತ್ಮೂರು ಇದೆ. ಅದರ ಮುಂದೆ ಖಾಲಿ.”

ವೈರಣ್ಣ ನೋಡಿದ. ಇರಲಿಲ್ಲ. ಮೇಲೆ ಓಡಿದ. ಓದಮ್ಮನವರು ಕನ್ನಡಕ ಒರೆಸುತ್ತಾ ಕೂತಿದ್ದರು.

“ಅಮ್ಮಾ, ಓದಿದ್ರಾ?”

“ಓದಿದೆನಪ್ಪ. ಮೊದಲಿಂದ ಕೊನೇವರೆಗೂ ಓದಿದೆ.”

ಅವನು ಕೆಳಗಿಳಿದು ಕಾನ್ಫಿಗರೇಷನ್ ಫೈಲು ತೆರೆದ. ‘ಸಾಫ್ಟ್’ ಎಂಬ ಸಾಲು ಕಚೇರಿ ಫೋಲ್ಡರಿನ ಕೆಳಗೆ ಇರಲಿಲ್ಲ. ಫೈಲಿನ ತಲೆಯಲ್ಲಿ, ಎಲ್ಲರಿಗೂ ಅನ್ವಯಿಸುವ ನಿಯಮಗಳ ನಡುವೆ, ತನ್ನದೇ ಮನೆ ಎಂಬಂತೆ ಕಾಲು ಚಾಚಿ ಕೂತಿತ್ತು. ಅಂದರೆ ಓದುವ ಕೋಣೆಗೂ ಅದೇ ಅಪ್ಪಣೆ. ಮೂರು ಸಲ ಕೇಳು, ಕೈಬಿಟ್ಟು ಬಾ. ಕೆಟಲು ಠಪ್ ಎಂದಾಗ ಓದಮ್ಮನವರು ಮೇಲೆ ಓದುತ್ತಿದ್ದರು.

ವೈರಣ್ಣ ಒಂದು ನಿಟ್ಟುಸಿರು ಬಿಟ್ಟ. ಮೂವತ್ತೊಂದು ವರ್ಷದ ಕೊನೆಯ ಓದನ್ನು ಅವನ ಒಂದು ಸಾಲು ನುಂಗಿಹಾಕಿತ್ತು.

“ನಿಂದು ಇದು ಮನೆ ನಿಟ್ಟುಸಿರಲ್ಲ” ಎಂದಳು ಕಿವಿಯಕ್ಕ ಹಿಂದಿನಿಂದ. “ಏನಾಯ್ತು ಹೇಳು.”

ಅವನು ಹೇಳಿದ. ಅವಳು ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಟ್ಟಳು. ಆ ಮಾತು ಕೊಟ್ಟ ಪಿಸುದನಿ ಎಷ್ಟು ಜೋರಾಗಿತ್ತೆಂದರೆ ಆಚೆ ಕೋಣೆಯಿಂದ ಮ್ಯಾನೇಜರು, “ಏನು ಹೇಳಲ್ಲ?” ಎಂದು ಕೇಳಿದರು.

“ನಿಮ್ಮ ಭಾಷಣದ ಬಗ್ಗೆ ಸರ್. ಯಾರಿಗೂ ಮೊದಲೇ ಹೇಳಲ್ಲ ಅಂದೆ” ಎಂದಳು ಕಿವಿಯಕ್ಕ. ಮ್ಯಾನೇಜರು ಸಂತೋಷದಿಂದ ಟೈಪು ಮಾಡುವುದನ್ನು ಮುಂದುವರಿಸಿದರು.

“ಈಗ ಉಪಾಯ ಕೇಳು” ಎಂದಳು ಕಿವಿಯಕ್ಕ. “ಮೈಕ್ ಪರೀಕ್ಷೆ ಮಾಡ್ಬೇಕು, ಇನ್ನೊಂದ್ಸಲ ಅದನ್ನೇ ಓದಿ ಅಂತ ಹೇಳು. ಪರೀಕ್ಷೆ ಅಂತ ಓದ್ತಾರೆ, ನಾವು ನಿಜವಾಗಿ ಮುದ್ರಿಸ್ಕೊಳ್ಳೋಣ.”

ಉಪಾಯ ಚೆನ್ನಾಗಿಯೇ ಇತ್ತು. ವೈರಣ್ಣ ಮೇಲೆ ಹೋಗಿ, ಗಂಟಲು ಸರಿಮಾಡಿಕೊಂಡು, ಸುಳ್ಳು ಹೇಳಿ ಅಭ್ಯಾಸವಿಲ್ಲದವರು ಹೇಳುವ ಹಾಗೆ ಗೋಡೆಗೆ ಹೇಳಿದ. “ಮೈಕು ಒಂಚೂರು ನೋಡ್ಬೇಕಿತ್ತಮ್ಮ. ಕೊನೇ ಅಧ್ಯಾಯಾನೇ ಇನ್ನೊಮ್ಮೆ ಓದಿದ್ರೆ...” ಕೊನೆಗೊಂದು ಬಿಕ್ಕಳಿಕೆಯೂ ಬಂತು.

ಓದಮ್ಮನವರು ಅವನನ್ನು ಒಂದು ಗಳಿಗೆ ನೋಡಿದರು. “ಮೈಕ್ ನೋಡೋಕೆ ಅದೇ ಯಾಕಪ್ಪ? ಏನಾದ್ರೂ ಓದಿದ್ರಾಯ್ತಲ್ಲ” ಎಂದು ಗೋಡೆಯ ಮೇಲೆ ನೇತಾಡುತ್ತಿದ್ದ ಬೆಂಕಿ ಆರಿಸುವ ಕೆಂಪು ಸಿಲಿಂಡರಿನತ್ತ ತಿರುಗಿ, ಅದರ ಮೇಲಿನ ಸೂಚನೆಗಳನ್ನು ಓದತೊಡಗಿದರು. “ಮೊದಲು ಪಿನ್ನನ್ನು ಎಳೆಯಿರಿ. ಗಾಬರಿಯಾಗಬೇಡಿ. ಕೊಳವೆಯನ್ನು ಬೆಂಕಿಯ ಬುಡಕ್ಕೆ ಹಿಡಿಯಿರಿ. ಬೆಂಕಿ ಆರಿದ ಮೇಲೂ ಸ್ವಲ್ಪ ಹೊತ್ತು ಅಲ್ಲಿಯೇ ಇರಿ.”

ಕೆಳಗೆ ಹೆಡ್‌ಫೋನು ಹಾಕಿಕೊಂಡು ಕಾಯುತ್ತಿದ್ದ ಕಿವಿಯಕ್ಕ ಕಣ್ಣು ಒರೆಸಿಕೊಂಡಳು. “ಎಂಥ ದನಿ ಮಾರಾಯ” ಎಂದಳು ವೈರಣ್ಣ ಇಳಿದು ಬಂದಾಗ. “‘ಅಲ್ಲಿಯೇ ಇರಿ’ ಅಂದಾಗ ಕರುಳು ಚುರ್ ಅಂತು. ಆದ್ರೆ ಸಂಜೆ ಇದನ್ನ ಹಾಕೋಕಾಗಲ್ಲ.”

ಎರಡನೆಯ ಉಪಾಯ ಕಿವಿಯಕ್ಕನದೇ. ಇಷ್ಟು ವರ್ಷ ಕೇಳಿ ಕೇಳಿ ತನಗೆ ಓದಮ್ಮನವರ ದನಿ ಕರಗತವಾಗಿದೆ, ತಾನೇ ಓದಿಬಿಡುತ್ತೇನೆ ಎಂದಳು. ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಕೂತು ಓದಿದಳು. ಕೊನೆಯ ಅಧ್ಯಾಯದಲ್ಲಿ ಮುದುಕ ಅಂಬಿಗನೊಬ್ಬ ಹುಟ್ಟನ್ನು ಮಗಳ ಕೈಗೆ ಕೊಟ್ಟು ದಡದಲ್ಲಿ ನಿಲ್ಲುತ್ತಾನೆ. ಕಿವಿಯಕ್ಕನ ಬಾಯಲ್ಲಿ ಅದು ಮೂರನೇ ಪ್ಲಾಟ್‌ಫಾರಂನಿಂದ ಗಾಡಿ ಹೊರಡಲಿದೆ ಎಂದಂತೆ ಕೇಳಿಸಿತು. ಎರಡು ಪುಟವಾದ ಮೇಲೆ ಅವಳೇ ನಿಲ್ಲಿಸಿ, “ನನ್ನ ಕಿವಿಗೇ ಇಷ್ಟ ಆಗ್ತಿಲ್ಲ” ಎಂದಳು.

ವೈರಣ್ಣ ಹೆಂಡತಿಗೆ ಫೋನು ಮಾಡಿದ. ಅವಳು ಎಲ್ಲ ಕೇಳಿಸಿಕೊಂಡು, “ನಿಜ ಹೇಳ್ಬಿಡಿ. ಸುಳ್ಳು ಹೇಳಿದ್ರೆ ನಿಮಗೆ ಹೇಗೂ ಬಿಕ್ಕಳಿಕೆ ಬರುತ್ತೆ” ಎಂದಳು.

ನಿಜ ಹೇಳುವ ಮೊದಲು ತಪ್ಪನ್ನಾದರೂ ತಿದ್ದೋಣ ಎಂದು ಅವನು ಆ ಸಾಲನ್ನು ಮೇಲಿನಿಂದ ಅಳಿಸಿ, ಕಚೇರಿ ಫೋಲ್ಡರಿನ ಕೆಳಗೆ ಬರೆದು, ಹೊಸ ಪ್ರತಿ ಹಂಚಿದ. ಕೆಳಗಿನ ಕಂಪ್ಯೂಟರುಗಳನ್ನೆಲ್ಲ ಒಮ್ಮೆಗೇ ಆರಿಸಿ ಹಚ್ಚಿದ. ಓದುವ ಕೋಣೆಯದನ್ನು ಮಾತ್ರ ಮುಟ್ಟಲಿಲ್ಲ. ಕಳೆದ ದನಿಯ ಚೂರುಪಾರು ಅದರಲ್ಲಿ ಎಲ್ಲಾದರೂ ಉಳಿದೀತು ಎಂಬ ಆಸೆ.

ಆಚೆ ಕೋಣೆಯಿಂದ ಒಂದು ಆರ್ತನಾದ ಬಂತು. ಮ್ಯಾನೇಜರು ಬೆಳಗಿನಿಂದ ಬರೆಯುತ್ತಿದ್ದ ಮೂರು ಪುಟದ ಬೀಳ್ಕೊಡುಗೆ ಭಾಷಣ, ಒಮ್ಮೆಯೂ ಸೇವ್ ಮಾಡದ್ದು, ಹೋಗಿತ್ತು.

“ಅದರಲ್ಲಿ ನಾಲ್ಕು ಉಪಮೆ ಇತ್ತು” ಎಂದರು ಮ್ಯಾನೇಜರು ಬಾಗಿಲಲ್ಲಿ ನಿಂತು. “ಒಂದು ನದಿದು. ಇನ್ನೊಂದು ದೀಪದ್ದು. ಉಳಿದೆರಡು ನೆನಪೂ ಇಲ್ಲ.”

“ಸಾರಿ ಸರ್” ಎಂದ ವೈರಣ್ಣ. ಈ ಸಲ ತಪ್ಪು ನಿಜವಾಗಿಯೂ ಅವನದೇ ಆಗಿತ್ತು.

ನಾಲ್ಕಕ್ಕೆ ಕೇಳುಗರು ಬಂದರು. ಮಕ್ಕಳ, ಸೊಸೆಯರ, ಗೆಳೆಯರ ಭುಜ ಹಿಡಿದು ಹದಿನೈದು ಇಪ್ಪತ್ತು ಜನ. ಮುಂದಿನ ಕುರ್ಚಿಯಲ್ಲಿ ಕೂತವರು ಒಬ್ಬ ಹಳೆಯ ಗಡಿಯಾರ ರಿಪೇರಿಯವರು. ಕಣ್ಣಿದ್ದಾಗ ಚಿಕ್ಕ ಚಿಕ್ಕ ಮುಳ್ಳುಗಳನ್ನು ಕೂರಿಸುತ್ತಿದ್ದವರು, ಈಗ ಹದಿನೆಂಟು ವರ್ಷದಿಂದ ಓದಮ್ಮನವರನ್ನು ಕೇಳುತ್ತಿದ್ದರು. ಈ ಪುಸ್ತಕ ಶುರುವಾದ ಮೇಲೆ ಪ್ರತಿ ಸೋಮವಾರ ಫೋನು ಮಾಡಿ, “ಅಂಬಿಗ ಏನ್ಮಾಡಿದ?” ಎಂದು ವಿಚಾರಿಸುತ್ತಿದ್ದರು.

ಮ್ಯಾನೇಜರು ಎದ್ದು ನಿಂತರು. “ಓದಮ್ಮನವರು” ಎಂದರು. ಬಹಳ ಹೊತ್ತು ನದಿಗಾಗಿಯೂ ದೀಪಕ್ಕಾಗಿಯೂ ಚಾವಣಿ ನೋಡಿದರು. “ಓದಿದರು” ಎಂದರು. ಚಪ್ಪಾಳೆ ಬಿತ್ತು. ಅವರ ಭಾಷಣಗಳಲ್ಲಿ ಇಷ್ಟು ಚಪ್ಪಾಳೆ ಸಿಕ್ಕಿದ್ದು ಅದೊಂದಕ್ಕೇ. “ಈಗ ಕೊನೆಯ ಅಧ್ಯಾಯವನ್ನು ಎಲ್ಲರೂ ಒಟ್ಟಿಗೆ ಕೇಳೋಣ. ವೈರಣ್ಣ, ಹಾಕು.”

ವೈರಣ್ಣ ಎದ್ದ. ಕೊರಳಿನ ವೈರನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡ.

“ಕೊನೇ ಅಧ್ಯಾಯ ಇಲ್ಲ” ಎಂದ. “ಅಮ್ಮ ಬೆಳಿಗ್ಗೆ ಪೂರ್ತಿ ಓದಿದ್ರು. ನಾನು ಒಂದು ಸಾಲು ತಪ್ಪು ಜಾಗದಲ್ಲಿ ಬರೆದಿದ್ದೆ. ದೊಡ್ಡ ಯಂತ್ರ ನಿಂತಾಗ ಕಾಯ್ಬೇಕಾಗಿತ್ತು, ಕಾಯದೆ ಕೈಬಿಡೋ ಹಾಗೆ ಮಾಡಿದ್ದೆ. ಅದರಿಂದ ಕಳೆದುಹೋಯ್ತು. ತಪ್ಪು ನಂದು.”

ಓದಮ್ಮನವರು ಅವನತ್ತ ತಿರುಗಿ ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಗಡಿಯಾರದವರು ಮಾತಾಡಿದರು.

“ಅಂದ್ರೆ ಇವತ್ತು ಕತೆ ಮುಗಿಯಲ್ಲ.”

“ಇಲ್ಲಪ್ಪಾಜಿ. ಕ್ಷಮಿಸಿ.”

“ಕ್ಷಮಿಸೋದೇನು ಬಂತು? ಮುಗಿದುಹೋದ್ರೆ ಸೋಮವಾರ ಏನು ಕೇಳೋಕೆ ಫೋನ್ ಮಾಡ್ಲಿ ಅಂತ ನಾನು ರಾತ್ರಿಯಿಡೀ ಯೋಚ್ನೆ ಮಾಡ್ತಿದ್ದೆ” ಎಂದು ಅವರು ಬಿಸ್ಕತ್ತು ಕೇಳಿ ಇಸಿದುಕೊಂಡರು.

ಮ್ಯಾನೇಜರಿಗೆ ಇದು ರುಚಿಸಲಿಲ್ಲ. “ಓದಮ್ಮನವರೇ, ಹಾಗಾದ್ರೆ ನೀವು ಈಗಲೇ ಓದ್ಬಿಡಿ. ಎಲ್ರೂ ಇದ್ದಾರೆ.”

ಓದಮ್ಮನವರಿಗೆ ಕೆಮ್ಮು ಬಂತು. ಸಣ್ಣದಾಗಿ ಶುರುವಾದದ್ದು ದೊಡ್ಡದಾಯಿತು. ನೀರು ಕುಡಿಸಿದರು, ಟೀ ಕುಡಿಸಿದರು. “ಗಂಟಲು ಇವತ್ತಿಗೆ ಮುಗೀತಪ್ಪ” ಎಂದರು ಅವರು, ಇಷ್ಟು ಹೊತ್ತು ಕೆಮ್ಮಿದವರಿಗೆ ಹೊಂದದ ಶುಭ್ರವಾದ ದನಿಯಲ್ಲಿ. ಅದನ್ನು ಗಮನಿಸಿದವಳು ಕಿವಿಯಕ್ಕ ಒಬ್ಬಳೇ. ಅವಳು ಹುಬ್ಬೇರಿಸಿದಳು, ಅಷ್ಟೇ.

ಕೇಳುಗರು ಹೋದ ಮೇಲೆ ಮ್ಯಾನೇಜರು ವೈರಣ್ಣನನ್ನು ಕರೆದರು. “ಬರವಣಿಗೇಲಿ ಕೊಡು. ಏನು ಬದಲಾಯಿಸಿದೆ, ಯಾವಾಗ, ಯಾವ ಕಂಪ್ಯೂಟರಿಗೆ ಯಾವಾಗ ಅನ್ವಯ ಆಯ್ತು. ಎಲ್ಲಾ.”

ವೈರಣ್ಣ ಪತ್ರ ಬರೆಯುವುದರಲ್ಲೂ ಪ್ರಾಮಾಣಿಕ. ಅಂದಾಜಿನಿಂದ ಬರೆಯಬಾರದೆಂದು ಒಂದೊಂದೇ ಕಂಪ್ಯೂಟರಿನ ಮುಂದೆ ಕೂತು ನೋಡಿದ. ಕೊನೆಗೆ ಓದುವ ಕೋಣೆಯದು. ಅದನ್ನು ಯಾರೂ ಆರಿಸುತ್ತಿರಲಿಲ್ಲ. ಆರಿಸಿ ಹಚ್ಚಿದರೆ ಸ್ವಲ್ಪ ಹೊತ್ತು ಗುಂಯ್‌ಗುಡುತ್ತದೆ ಎಂದು ಅವನೇ ‘ಆರಿಸಬಾರದು’ ಎಂದು ಚೀಟಿ ಅಂಟಿಸಿದ್ದ. ಅದು ನಲವತ್ತೊಂದು ದಿನದಿಂದ ಒಂದೇ ಸಮನೆ ನಡೆಯುತ್ತಿತ್ತು.

ಪೆನ್ನು ಹಿಡಿದ ಕೈ ಹಾಗೇ ನಿಂತಿತು.

ಕಾನ್ಫಿಗರೇಷನ್ ಫೈಲನ್ನು ಕಂಪ್ಯೂಟರು ಓದುವುದು ಫೋಲ್ಡರನ್ನು ಜೋಡಿಸಿಕೊಳ್ಳುವ ಹೊತ್ತಿನಲ್ಲಿ ಮಾತ್ರ. ಒಮ್ಮೆ ಜೋಡಿಸಿಕೊಂಡ ಮೇಲೆ ಫೈಲಿನಲ್ಲಿ ಯಾರು ಏನು ಬರೆದರೂ ಅದರ ಪಾಡಿಗೆ ಅದು ಹಳೆಯ ನಿಯಮದಲ್ಲೇ ನಡೆಯುತ್ತದೆ. ಕಳಚಿ ಮತ್ತೆ ಜೋಡಿಸಿದಾಗಲೇ ಹೊಸ ನಿಯಮ. ಮ್ಯಾನೇಜರ ಕಂಪ್ಯೂಟರು ರಾತ್ರಿ ಆರಿ ಬೆಳಿಗ್ಗೆ ಹತ್ತಿದ್ದರಿಂದ ಹೊಸ ಸಾಲನ್ನು ಓದಿಕೊಂಡಿತ್ತು. ಓದುವ ಕೋಣೆಯದು ಅದನ್ನು ಕಣ್ಣೆತ್ತಿಯೂ ನೋಡಿರಲಿಲ್ಲ. ಇದು ವೈರಣ್ಣನಿಗೆ ತಿಳಿಯದ ವಿಷಯವೇನಲ್ಲ. ಗಾಬರಿಯಲ್ಲಿ ಮನೆಯ ದಾರಿಯೇ ಮರೆತುಹೋಗುವುದುಂಟು, ಇದು ಯಾವ ಲೆಕ್ಕ.

ಹಾಗಾದರೆ ಕೆಟಲು ಠಪ್ ಎಂದಾಗ ಈ ಕಂಪ್ಯೂಟರು ಹತ್ತು ನಿಮಿಷ ಸುಮ್ಮನೆ ಕಾದು, ಆಮೇಲೆ ಎಲ್ಲವನ್ನೂ ಒಪ್ಪಿಸಿರಬೇಕು. ಒಂದು ಉಸಿರೂ ಕಳೆಯುವಂತಿರಲಿಲ್ಲ.

ಅವನು ದನಿ ಮುದ್ರಿಸುವ ಪ್ರೋಗ್ರಾಮಿನ ದಿನಚರಿ ತೆರೆದ. ಕೆಂಪು ಬಟನ್ ಒತ್ತಿದಾಗಲೆಲ್ಲ ಅದರಲ್ಲಿ ಒಂದು ಸಾಲು ಬೀಳುತ್ತಿತ್ತು. ಕೊನೆಯ ಸಾಲು ನಿನ್ನೆಯದು. ಇವತ್ತಿನದು ಒಂದೂ ಇರಲಿಲ್ಲ. ಮಧ್ಯಾಹ್ನದ ಪರೀಕ್ಷೆಯೂ ಇರಲಿಲ್ಲ, ಏಕೆಂದರೆ ಅದನ್ನು ಕಿವಿಯಕ್ಕ ಕೆಳಗಿನ ತನ್ನ ಕಂಪ್ಯೂಟರಿನಲ್ಲಿ ಮುದ್ರಿಸಿಕೊಂಡಿದ್ದಳು.

ಬೆನ್ನ ಹಿಂದೆ ಬಾಗಿಲು ತೆರೆಯಿತು. ಓದಮ್ಮನವರು ತಮ್ಮ ಕುರ್ಚಿಯ ದಿಂಬು ತೆಗೆದುಕೊಳ್ಳಲು ಬಂದಿದ್ದರು. ಪರದೆಯನ್ನೂ ಅವನ ಮುಖವನ್ನೂ ನೋಡಿ, ಮೆಲ್ಲಗೆ ಕೂತರು.

“ಗೊತ್ತಾಯ್ತಾ?” ಎಂದರು.

“ಬಟನ್ ಒತ್ತಿಲ್ವಾ ಅಮ್ಮ?”

“ಓದಿದೆ. ಸುಳ್ಳು ಹೇಳ್ಲಿಲ್ಲ ನಿಂಗೆ, ಪೂರ್ತಿ ಓದಿದೆ. ಬಟನ್ ಹತ್ರ ಬೆರಳು ಹೋಯ್ತು. ಒತ್ತಿದ್ರೆ ಮುಗೀತಲ್ಲ ಅನ್ನಿಸ್ತು.” ಅವರು ದಿಂಬಿನ ಮೂಲೆಯನ್ನು ನೀವಿದರು. “ಮನೇಲಿ ಇರೋಳು ತಂಗಿ ಒಬ್ಬಳೇ. ಅವಳಿಗೆ ಕಿವಿ ಕೇಳಲ್ಲ. ಅಲ್ಲಿ ಹೋಗಿ ಯಾರಿಗೆ ಓದ್ಲಿ ನಾನು? ಒಂದೆರಡು ದಿನ ಮುಂದೆ ಹೋಗ್ಲಿ ಅಂದ್ಕೊಂಡೆ. ನೀನು ಎದ್ದು ನಿಂತು ನಿನ್ನ ತಪ್ಪು ಅಂದ್ಬಿಟ್ಟೆ. ನಾನು ಬಾಯಿ ಬಿಡೋ ಅಷ್ಟರಲ್ಲಿ ಗಡಿಯಾರದವರು ಬಿಸ್ಕತ್ತು ಕೇಳಿದ್ರು. ಆಮೇಲೆ ಧೈರ್ಯ ಬರ್ಲಿಲ್ಲ ಕಣಪ್ಪ.”

ವೈರಣ್ಣನಿಗೆ ತನ್ನ ತಾಯಿ ಕೇಳುಪೆಟ್ಟಿಗೆಯನ್ನು ಸೆರಗಿನಿಂದ ಒರೆಸುತ್ತಿದ್ದದ್ದು ನೆನಪಾಯಿತು.

“ನಡಿ, ಮ್ಯಾನೇಜರಿಗೆ ಹೇಳ್ತೀನಿ” ಎಂದು ಅವರು ಎದ್ದರು.

“ಬೇಡಮ್ಮ. ಕೂತ್ಕೊಳ್ಳಿ. ನಾನು ಆಗ್ಲೇ ಹೇಳಿ ಆಗಿದೆ. ಬೈಗುಳ ತಿಂದೂ ಆಗಿದೆ. ಒಂದು ಕಾಗದಕ್ಕೆ ಸಹಿ ಹಾಕಿದ್ರೆ ಮುಗೀತು. ನಾಳೆ ನೀವು ನಿಧಾನಕ್ಕೆ ಬಂದು ಓದಿ.”

“ನಿನ್ನ ಹೆಸರು ಕೆಡುತ್ತಲ್ಲೋ.”

“ನನ್ನ ಹೆಸರು ಯಾರಿಗೂ ಗೊತ್ತೇ ಇಲ್ಲ ಬಿಡಿಯಮ್ಮ” ಎಂದ ವೈರಣ್ಣ.

ಅವರು ನಕ್ಕರು. ಅವನೂ ನಕ್ಕು, ಪತ್ರ ಬರೆದು ಮುಗಿಸಿದ. ಓದುವ ಕೋಣೆಯ ಕಂಪ್ಯೂಟರಿನ ಎದುರು ‘ನಿನ್ನೆ ಸಂಜೆಯಿಂದ’ ಎಂದು ಬರೆಯುವಾಗ ಬಿಕ್ಕಳಿಕೆ ಬಂತು. ಸಹಿ ಹಾಕಿದ. ಕೆಳಗೆ ಹೋಗಿ ಕೊಟ್ಟ. ಮನಸ್ಸು ಹಗುರವಾಗಿತ್ತು.

ಮ್ಯಾನೇಜರು ಪತ್ರವನ್ನು ಎರಡು ಸಲ ಓದಿದರು. ಮೂರನೆಯ ಸಲ ಓದುವಾಗ ಅವರ ಕಣ್ಣು ಅಗಲವಾಯಿತು.

“ಒಂದು ಸಾಲಿನಿಂದ ಒಂದು ಅಧ್ಯಾಯಾನೇ ಹೋಯ್ತು ಅಂತೀಯ. ಹೋಗಿದ್ದು ಗೊತ್ತೂ ಆಗ್ಲಿಲ್ಲ. ಹಾಗಾದ್ರೆ ಆರು ವರ್ಷದಿಂದ ನೀನು ಎಷ್ಟು ಸಾಲು ಬರೆದಿದೀಯೋ. ಹಳೇ ಪುಸ್ತಕಗಳಲ್ಲಿ ಎಲ್ಲೆಲ್ಲಿ ಏನೇನು ಹೋಗಿದೆಯೋ. ಕಿವಿಯಕ್ಕ ಕೇಳಿ ಆದ್ಮೇಲೆ ಹೋಗಿದ್ರೆ ಯಾರು ನೋಡಿದ್ದಾರೆ?”

“ಹಾಗೆಲ್ಲ ಆಗಿರಲ್ಲ ಸರ್.”

“ಇವತ್ತು ಆಗಿಲ್ವಾ?”

“ಆಗಿದೆ ಸರ್” ಎಂದು ಬಿಕ್ಕಳಿಸಿದ ವೈರಣ್ಣ.

“ನಾಳೆಯಿಂದ” ಎಂದರು ಮ್ಯಾನೇಜರು, ಮಧ್ಯಾಹ್ನ ಕಳೆದುಹೋದ ನಾಲ್ಕು ಉಪಮೆಗಳ ಸಿಟ್ಟನ್ನೂ ಸೇರಿಸಿ, “ಎಲ್ಲಾ ಪುಸ್ತಕಾನೂ ಮೊದಲಿಂದ ಕೊನೇವರೆಗೆ, ಪುಸ್ತಕ ಎದುರಿಗಿಟ್ಕೊಂಡು, ನೀನೇ ಕೇಳ್ಬೇಕು. ಎಲ್ಲಿ ಬಿಟ್ಟುಹೋಗಿದೆಯೋ ಪಟ್ಟಿ ಮಾಡು. ಅದನ್ನೆಲ್ಲ ಓದಮ್ಮನವರೇ ಮತ್ತೆ ಓದಿ ತುಂಬ್ಬೇಕು. ಬೇರೆ ದನಿ ಸೇರಿಸೋಕಾಗಲ್ಲ. ಅವರ ವಿಶ್ರಾಂತಿ ಸದ್ಯಕ್ಕೆ ಮುಂದಕ್ಕೆ. ಪಾಪ, ಈ ವಯಸ್ಸಲ್ಲಿ ನಿನ್ನಿಂದ ಅವರಿಗೆ ತೊಂದರೆ.”

ಕಿವಿಯಕ್ಕ ತನ್ನ ಮೇಜಿನಲ್ಲೇ ಲೆಕ್ಕ ಹಾಕಿದಳು. “ನೂರ ಎಂಬತ್ತಾರು ಪುಸ್ತಕ, ಒಂದೊಂದು ಹನ್ನೆರಡು ಗಂಟೆ. ಬೇರೆ ಕೆಲಸ ಮುಗಿಸಿ ದಿನಕ್ಕೆ ಎರಡು ಗಂಟೆ ಕೇಳಿದ್ರೂ ಮೂರು ವರ್ಷ ಏಳು ತಿಂಗಳು” ಎಂದಳು. “ಭಾನುವಾರ ಬಿಟ್ಟು.”

ಒಂದಕ್ಷರವೂ ಕಳೆದಿಲ್ಲವೆಂದು ಗೊತ್ತಿದ್ದ ಮನುಷ್ಯ, ಓದಮ್ಮನವರನ್ನು ಬಿಟ್ಟರೆ, ಇಡೀ ಕಟ್ಟಡದಲ್ಲಿ ವೈರಣ್ಣ ಒಬ್ಬನೇ. ಅದನ್ನು ಹೇಳಲು ಅವನು ತಲೆಯೆತ್ತಿದ. ಮೆಟ್ಟಿಲ ಕೊನೆಯಲ್ಲಿ, ಕಂಕುಳಲ್ಲಿ ದಿಂಬು ಇಟ್ಟುಕೊಂಡು, ಓದಮ್ಮನವರು ನಿಂತಿದ್ದರು. ಎಲ್ಲ ಕೇಳಿಸಿಕೊಂಡಿದ್ದರು. ಅವರ ಮುಖದಲ್ಲಿ ಅವನ ಬಗೆಗಿನ ಸಂಕಟ ಒಂದು ಕಡೆ, ರಜೆ ರದ್ದಾದ ಮಗುವಿಗೆ ಬರುವುದಕ್ಕೆ ಪೂರ್ತಿ ವಿರುದ್ಧವಾದ ಕಳೆ ಇನ್ನೊಂದು ಕಡೆ, ಎರಡೂ ಒಂದೇ ಬಾಗಿಲಲ್ಲಿ ನುಗ್ಗುತ್ತಿದ್ದವು.

“ನಾನೊಂದು ಮಾತು ಹೇಳ್ಬೇಕು ಮ್ಯಾನೇಜರೇ” ಎಂದರು ಅವರು.

ವೈರಣ್ಣ ಅವರನ್ನೇ ನೋಡುತ್ತಾ ಮೆಲ್ಲಗೆ ತಲೆಯಾಡಿಸಿದ, ಬೇಡ ಎಂಬಂತೆ. “ಸಾರಿ ಸರ್” ಎಂದ ಮ್ಯಾನೇಜರಿಗೆ. “ನಾಳೆಯಿಂದ್ಲೇ ಶುರು ಮಾಡ್ತೀನಿ.”

ಓದಮ್ಮನವರು ದಿಂಬನ್ನು ಇನ್ನೊಂದು ಕಂಕುಳಿಗೆ ಬದಲಾಯಿಸಿ, “ಏನಿಲ್ಲ. ಮೆಟ್ಟಿಲಿಗೆ ಒಂದು ಹಿಡಿಗಂಬಿ ಹಾಕ್ಸಿ ಅಂತ ಅಷ್ಟೇ” ಎಂದು ವಾಪಸು ಮೆಟ್ಟಿಲು ಹತ್ತಿದರು.

ಮನೆಯಲ್ಲಿ ಹೆಂಡತಿ, “ನಿಜ ಹೇಳಿದ್ರಾ?” ಎಂದು ಕೇಳಿದಳು. “ಹೇಳಿದೆ” ಎಂದ. “ಆಮೇಲೆ ಅದು ನಿಜ ಅಲ್ಲ ಅಂತ ಗೊತ್ತಾಯ್ತು.” ಅವಳು ಅವನ ತಟ್ಟೆಗೆ ಇನ್ನಷ್ಟು ಬಡಿಸಿದಳು, ಹೆಚ್ಚು ಕೇಳಲಿಲ್ಲ.

ಮರುದಿನ ಹತ್ತು ಗಂಟೆಗೆ ವೈರಣ್ಣ ಹೆಡ್‌ಫೋನು ಹಾಕಿಕೊಂಡು ಮೊದಲ ಪುಸ್ತಕ ತೆರೆದ. ಮೂವತ್ತೊಂದು ವರ್ಷದ ಹಿಂದೆ, ಈ ಯಂತ್ರಗಳೂ ಕಿವಿಯಕ್ಕನೂ ಇಲ್ಲದ ಕಾಲದಲ್ಲಿ, ಟೇಪಿನಲ್ಲಿ ಮುದ್ರಿಸಿ ಆಮೇಲೆ ಇಲ್ಲಿಗೆ ತುಂಬಿದ್ದು. ನಲವತ್ತೇಳರ ಓದಮ್ಮನವರ ದನಿ ಗುಟುಕು ನೀರಿನಂತೆ ಕಿವಿಗಿಳಿಯಿತು. ಎದುರಿನ ಕುರ್ಚಿಯಲ್ಲಿ ಎಪ್ಪತ್ತೆಂಟರ ಓದಮ್ಮನವರು, ಪಕ್ಕದಲ್ಲಿ ಟೀ ಫ್ಲಾಸ್ಕು, ಪರೀಕ್ಷೆಗೆ ಕೂತ ಹುಡುಗಿಯ ಹಾಗೆ ಅವನ ಮುಖವನ್ನೇ ನೋಡುತ್ತಿದ್ದರು.

ಹದಿಮೂರನೆಯ ಪುಟ ಮುಗಿಯಿತು. ದನಿ ನೇರವಾಗಿ ಹದಿನಾರನೆಯ ಪುಟಕ್ಕೆ ಹೋಯಿತು. ವೈರಣ್ಣ ನಿಲ್ಲಿಸಿ, ಹಿಂದೆ ಹೋಗಿ, ಇನ್ನೊಮ್ಮೆ ಕೇಳಿದ. ಸಂಶಯವಿರಲಿಲ್ಲ. ಹಾಳೆ ತಿರುಗಿಸುವ ಸದ್ದೂ ಕೇಳುತ್ತಿತ್ತು, ಒಂದರ ಬದಲು ಎರಡು ಹಾಳೆ ಒಟ್ಟಿಗೆ ತಿರುಗಿದ ದಪ್ಪ ಸದ್ದು.

“ಯಾಕಪ್ಪ, ಏನಾದ್ರೂ ತಪ್ಪಿದೆಯಾ?” ಎಂದರು ಓದಮ್ಮನವರು.

“ನಿಮ್ಮ ಕಡೆಯಿಂದ ಏನೂ ಇಲ್ಲಮ್ಮ” ಎಂದ ವೈರಣ್ಣ. ಬಿಕ್ಕಳಿಕೆ ಬಂತು. ಅವರು ಫ್ಲಾಸ್ಕಿನಿಂದ ಟೀ ಬಗ್ಗಿಸಿ ಕೊಟ್ಟರು.

ಆ ಪುಸ್ತಕ ಓದಿದ ವರ್ಷ ಅವನಿನ್ನೂ ಒಂಬತ್ತನೇ ಕ್ಲಾಸಿನಲ್ಲಿದ್ದ. ಆದರೂ ಮ್ಯಾನೇಜರು ಕೊಟ್ಟ ಪಟ್ಟಿಯನ್ನು ಎಳೆದುಕೊಂಡು, ಪುಟಗಳ ಸಂಖ್ಯೆ ಬರೆದು, ‘ಯಾರ ತಪ್ಪು’ ಎಂಬ ಕೊನೆಯ ಕಾಲಮಿನಲ್ಲಿ ದುಂಡಗಿನ ಅಕ್ಷರದಲ್ಲಿ ತನ್ನ ಹೆಸರು ಬರೆದ.